ಭಯ, ಫೋಬಿಯಾ, ಹಳೇ ಆಘಾತಕ್ಕೆ ಹಿಪ್ನೋಸಿಸ್: ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಹುಷಾರಾಗಿರಬೇಕು

"ಹಿಪ್ನೋಸಿಸ್ ಮಾಡಿಸಿದರೆ ಭಯ ಹೋಗುತ್ತಾ? ದಾವಣಗೆರೆ ಕಡೆ ಯಾರ ಹತ್ತಿರ ಹೋಗಬೇಕು? ಎಷ್ಟು ಸಲ?" ಓದುಗರಿಂದ ಈ ಪ್ರಶ್ನೆಗಳು ಬರುತ್ತಲೇ ಇವೆ. ಒಬ್ಬರಿಗೆ ಲಿಫ್ಟ್ ಹತ್ತಲು ಆಗಲ್ಲ. ಇನ್ನೊಬ್ಬರು ಹೈವೇಯಲ್ಲಿ ಅಪಘಾತ ಕಂಡ ಮೇಲೆ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತಿಲ್ಲ. ಮತ್ತೊಬ್ಬರಿಗೆ ಬೀದಿ ನಾಯಿ ಕಂಡರೆ ಕೈಕಾಲು ತಣ್ಣಗಾಗುತ್ತವೆ. ಬಿಡಿಬಿಡಿಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲೇ ಹಾಕಿದ್ದೇನೆ.

ಚಿಕ್ಕ ಉತ್ತರ ಇದು: ಹಿಪ್ನೋಸಿಸ್ ಸಹಾಯ ಮಾಡುತ್ತದೆ, ಆದರೆ ಒಂಟಿಯಾಗಿ ಅಲ್ಲ. ಫೋಬಿಯಾಕ್ಕೆ ಮುಖ್ಯ ಮದ್ದು ಹೆದರುವ ವಸ್ತುವಿನ ಎದುರಿಗೆ ಸ್ವಲ್ಪಸ್ವಲ್ಪವಾಗಿ ಹೋಗಿ ನಿಲ್ಲುವುದು. ಆ ಕೆಲಸವನ್ನು ಹಿಪ್ನೋಸಿಸ್ ಸುಲಭ ಮಾಡಿಕೊಡುತ್ತದೆ. ಆಘಾತದ ವಿಷಯದಲ್ಲಿ ಅದರ ಪಾತ್ರ ಇನ್ನೂ ಚಿಕ್ಕದು, ಅಪಾಯ ಸ್ವಲ್ಪ ಜಾಸ್ತಿ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರ ಹತ್ತಿರ ಹೋಗಲೇಬೇಡಿ.

ಅದೇನು, ಏನಲ್ಲ

ಹಿಪ್ನೋಸಿಸ್ ಅಂದರೆ ಗಮನವೆಲ್ಲ ಒಂದೇ ಕಡೆ ನೆಟ್ಟು, ಮೈ ಸಡಿಲವಾಗಿ, ಹೇಳಿದ ಮಾತು ಸುಲಭವಾಗಿ ನಾಟುವ ಸ್ಥಿತಿ. ಇದು ನಿದ್ದೆ ಅಲ್ಲ. ಹೊರಗೆ ಆಟೋ ಹಾರ್ನ್ ಹೊಡೆದರೆ ಕೇಳಿಸುತ್ತದೆ. ಬೇಡ ಅನ್ನಿಸಿದರೆ ಕಣ್ಣು ಬಿಟ್ಟು ಎದ್ದು ಹೋಗಬಹುದು. ಬಾಯಿಬಿಡಬಾರದ ಗುಟ್ಟು ತಾನಾಗಿ ಹೊರಗೆ ಬರುವುದಿಲ್ಲ. ಆ ಸ್ಥಿತಿಯಲ್ಲೂ ಸುಳ್ಳು ಹೇಳಬಹುದು. ಬಸ್ ಸ್ಟ್ಯಾಂಡ್ ಗೋಡೆಗೆ ಅಂಟಿಸುವ ವಶೀಕರಣದ ಚೀಟಿಗೂ ಇದಕ್ಕೂ ಸಂಬಂಧ ಇಲ್ಲ. ಪೇಪರಿನಲ್ಲಿ ಬರುವ ಮಂಪರು ಪರೀಕ್ಷೆಯೂ ಬೇರೆ. ಅದು ಪೊಲೀಸ್ ತನಿಖೆಗಾಗಿ ಇಂಜೆಕ್ಷನ್ ಕೊಟ್ಟು ಮಾಡುವಂಥದ್ದು. ಒಪ್ಪಿಗೆ ಇಲ್ಲದೆ ಅದನ್ನು ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ.

ಹಿಪ್ನೋಟಿಸಂ ಎಂಬ ಹೆಸರನ್ನು ಬಳಕೆಗೆ ತಂದವರು ಜೇಮ್ಸ್ ಬ್ರೇಡ್ ಎಂಬ ಸ್ಕಾಟ್ಲೆಂಡಿನ ಸರ್ಜನ್, 1840ರ ದಶಕದಲ್ಲಿ. ಹೆಚ್ಚುಕಮ್ಮಿ ಅದೇ ಕಾಲಕ್ಕೆ ನಮ್ಮ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೈಲ್ ಎಂಬ ವೈದ್ಯರು ಇದರ ಹಿಂದಿನ ರೂಪವಾದ ಮೆಸ್ಮೆರಿಸಂ ಬಳಸಿ ಆಪರೇಷನ್ ಮಾಡುತ್ತಿದ್ದರು. ಅರಿವಳಿಕೆಗೆ ಕ್ಲೋರೋಫಾರಂ ಬಂದ ಮೇಲೆ ಅದು ಮೂಲೆಗೆ ಸರಿಯಿತು. ಬ್ರಿಟನ್ನಿನ ವೈದ್ಯರ ಸಂಘ 1955ರಲ್ಲಿ, ಅಮೆರಿಕದ್ದು 1958ರಲ್ಲಿ ಇದನ್ನು ವೈದ್ಯಕೀಯ ಬಳಕೆಗೆ ಒಪ್ಪಿದವು. ಅಂದರೆ ಇದು ಮಂತ್ರವಾದವೂ ಅಲ್ಲ, ನಿನ್ನೆ ಮೊನ್ನೆ ಹುಟ್ಟಿದ ಶೋಕಿಯೂ ಅಲ್ಲ.

ಎಲ್ಲರಿಗೂ ಒಂದೇ ಥರ ಹತ್ತುವುದೂ ಇಲ್ಲ. ಕೆಲವರು ಬಹಳ ಬೇಗ ಆಳಕ್ಕೆ ಇಳಿಯುತ್ತಾರೆ, ಕೆಲವರು ಇಳಿಯುವುದೇ ಇಲ್ಲ, ಉಳಿದವರೆಲ್ಲ ನಡುವೆ. ಇದಕ್ಕೂ ಬುದ್ಧಿವಂತಿಕೆಗೂ, ಮನಸ್ಸು ಗಟ್ಟಿಯೋ ಮೆತ್ತಗೋ ಎಂಬುದಕ್ಕೂ ಸಂಬಂಧ ಇಲ್ಲ. ನಿಮಗೆ ಹತ್ತದಿದ್ದರೆ ಬೇಜಾರು ಬೇಡ, ದಾರಿ ಬೇರೆ ಇದೆ.

1. ನಿಮ್ಮದು ಯಾವ ಭಯ ಅಂತ ಮೊದಲು ಗುರುತಿಸಿ

ಹೊಲಕ್ಕೆ ಹೋಗುವವರಿಗೆ ಹಾವಿನ ಅಂಜಿಕೆ ಇರಲೇಬೇಕು. ಅದು ರೋಗ ಅಲ್ಲ. ಹಾವಿನ ಚಿತ್ರ ಕಂಡರೆ ಪುಸ್ತಕ ಎಸೆಯುವುದು, ಹಾವು ಇರಬಹುದು ಎಂದು ವರ್ಷಗಟ್ಟಲೆ ಹಿತ್ತಿಲಿಗೇ ಕಾಲಿಡದಿರುವುದು ಫೋಬಿಯಾ. ಮೂರು ಗುರುತು ನೋಡಿ. ಭಯ ನಿಜವಾದ ಅಪಾಯಕ್ಕಿಂತ ಬಹಳ ದೊಡ್ಡದಾಗಿರಬೇಕು. ಆರು ತಿಂಗಳಿಗಿಂತ ಹೆಚ್ಚು ಕಾಲದಿಂದ ಇರಬೇಕು. ಅದನ್ನು ತಪ್ಪಿಸಿಕೊಳ್ಳಲು ನೀವು ನಿಮ್ಮ ಬದುಕನ್ನೇ ಬದಲಾಯಿಸಿಕೊಂಡಿರಬೇಕು. ಎಂಆರ್‌ಐ ಸ್ಕ್ಯಾನ್ ಬರೆದುಕೊಟ್ಟು ಎರಡು ತಿಂಗಳಾದರೂ ಆ ಕೊಳವೆಯೊಳಗೆ ಮಲಗಲು ಆಗದೆ ಮುಂದೂಡುತ್ತಿದ್ದೀರಿ ಅಂದರೆ ಅದು ಈ ಮೂರನೇ ಗುರುತಿನ ಲೆಕ್ಕಕ್ಕೆ ಬರುತ್ತದೆ.

ಆಘಾತ ಬೇರೆ. ಅಪಘಾತ, ಹಲ್ಲೆ, ಲೈಂಗಿಕ ದೌರ್ಜನ್ಯ, ಕಣ್ಣೆದುರಿಗೆ ಆದ ಸಾವು ಇಂಥವುಗಳ ನಂತರ ಅದೇ ದೃಶ್ಯ ಬೇಡವೆಂದರೂ ಮತ್ತೆ ಮತ್ತೆ ಬರುವುದು, ಕೆಟ್ಟ ಕನಸು, ಸಣ್ಣ ಸದ್ದಿಗೂ ಬೆಚ್ಚಿ ಬೀಳುವುದು, ಆ ಜಾಗ ಆ ಜನರಿಂದ ದೂರ ಓಡುವುದು, ಮನಸ್ಸು ಮರಗಟ್ಟಿದ ಹಾಗೆ ಆಗುವುದು. ಘಟನೆ ಆದ ಮೊದಲ ಕೆಲವು ವಾರ ಇವೆಲ್ಲ ಬಹಳ ಜನರಿಗೆ ಆಗುತ್ತವೆ, ಬಹುಪಾಲು ಮಂದಿಗೆ ತಾನಾಗೇ ಇಳಿಯುತ್ತವೆ. ಒಂದು ತಿಂಗಳು ದಾಟಿಯೂ ನಿಲ್ಲದಿದ್ದರೆ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆ ಇರಬಹುದು. ಅದನ್ನು ಗುರುತಿಸುವುದು ಮನೋವೈದ್ಯರ ಅಥವಾ ಕ್ಲಿನಿಕಲ್ ಸೈಕಾಲಜಿಸ್ಟರ ಕೆಲಸ. ಯೂಟ್ಯೂಬ್ ನೋಡಿ ನೀವೇ ಹೆಸರು ಇಟ್ಟುಕೊಳ್ಳಬೇಡಿ.

ಇನ್ನೊಂದು ಮಾತು. ಎದೆ ಡವಗುಟ್ಟುವುದು, ಬೆವರು, ನಡುಕ ಇವು ಥೈರಾಯ್ಡ್ ಜಾಸ್ತಿಯಾದಾಗಲೂ, ಹೃದಯದ ಬಡಿತದಲ್ಲಿ ಏರುಪೇರಾದಾಗಲೂ ಬರುತ್ತವೆ. ಕಾರಣವೇ ಇಲ್ಲದೆ ಎಲ್ಲೆಂದರಲ್ಲಿ ಬರುತ್ತಿದ್ದರೆ ಮೊದಲು ಸಾಮಾನ್ಯ ಡಾಕ್ಟರಿಗೆ ತೋರಿಸಿ.

2. ನೀವು ಮಾಡಿಸಿಕೊಳ್ಳಬಾರದವರ ಪಟ್ಟಿಯಲ್ಲಿ ಇದ್ದೀರಾ ನೋಡಿ

ಇಲ್ಲದ ದನಿ ಕೇಳಿಸುವುದು, ಯಾರೋ ನನ್ನನ್ನು ನಿಯಂತ್ರಿಸುತ್ತಿದ್ದಾರೆ ಎನ್ನಿಸುವುದು ಇಂಥ ಸೈಕೋಸಿಸ್ ಲಕ್ಷಣ ಇದ್ದವರು, ಹಿಂದೆ ಇದ್ದವರೂ, ಹಿಪ್ನೋಸಿಸ್‌ಗೆ ಕೂರಬಾರದು. ಮನೆಯಲ್ಲಿ "ಗಾಳಿ ಸೋಕಿದೆ" ಎಂದು ಹೇಳುತ್ತಿರುವ ಕೆಲವು ಕೇಸುಗಳು ಇಂಥವೇ ಆಗಿರುತ್ತವೆ. ಫಿಟ್ಸ್ ಇದ್ದವರು ತಮ್ಮ ನರರೋಗ ತಜ್ಞರನ್ನು ಕೇಳದೆ ಹೋಗಬೇಡಿ. ಕುಡಿತದ ಅಮಲಿನಲ್ಲಿ ಬೇಡ. ಆತ್ಮಹತ್ಯೆಯ ಯೋಚನೆ ಬರುತ್ತಿದ್ದರೆ ಈ ಲೇಖನವನ್ನು ಬದಿಗಿಟ್ಟು ಈಗಲೇ 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

3. ಯಾರ ಹತ್ತಿರ ಹೋಗಬೇಕು

ಜನ ಜಾಸ್ತಿ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ.

ನಮ್ಮ ದೇಶದಲ್ಲಿ "ಹಿಪ್ನೋಥೆರಪಿಸ್ಟ್" ಎಂದು ಬೋರ್ಡ್ ಹಾಕಿಕೊಳ್ಳಲು ಪ್ರತ್ಯೇಕ ಸರ್ಕಾರಿ ನೋಂದಣಿ ಇಲ್ಲ. ವಾರಾಂತ್ಯದ ಕೋರ್ಸ್ ಮುಗಿಸಿದವರೂ ಹಾಕಿಕೊಳ್ಳಬಹುದು. ಗೋಡೆಗೆ ತೂಗುಹಾಕಿದ ವಿದೇಶಿ ಸರ್ಟಿಫಿಕೇಟ್ ನೋಡಿ ಮರುಳಾಗಬೇಡಿ. ಈ ಕ್ಷೇತ್ರದವರು ಹಿಂದಿನಿಂದ ಹೇಳುವ ಒಂದು ನಿಯಮ ಇದೆ: ನಿಮ್ಮ ತೊಂದರೆಗೆ ಹಿಪ್ನೋಸಿಸ್ ಇಲ್ಲದೆಯೂ ಚಿಕಿತ್ಸೆ ಕೊಡಬಲ್ಲವರ ಹತ್ತಿರ ಮಾತ್ರ ಹಿಪ್ನೋಸಿಸ್ ಮಾಡಿಸಿಕೊಳ್ಳಿ. ಹಲ್ಲಿನ ಭಯಕ್ಕೆ ಹಿಪ್ನೋಸಿಸ್ ಕಲಿತ ದಂತವೈದ್ಯರು ಸರಿ. ಅವರೇ ನಿಮ್ಮ ಅಪಘಾತದ ಕನಸಿಗೆ ಕೈ ಹಾಕುತ್ತೇನೆ ಅಂದರೆ ಸರಿಯಲ್ಲ.

ಹಾಗಾದರೆ ಯಾರು? ಮನೋವೈದ್ಯರು, ಅಂದರೆ ಎಂಬಿಬಿಎಸ್ ಆದ ಮೇಲೆ ಮನೋವೈದ್ಯಶಾಸ್ತ್ರದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪಿಎಂ ಮಾಡಿದವರು. ಇವರಿಗೆ ವೈದ್ಯಕೀಯ ಮಂಡಳಿಯ ನೋಂದಣಿ ಸಂಖ್ಯೆ ಇರುತ್ತದೆ. ಇನ್ನೊಬ್ಬರು ಕ್ಲಿನಿಕಲ್ ಸೈಕಾಲಜಿಸ್ಟ್. ಇವರು ಮಾತ್ರೆ ಬರೆಯುವುದಿಲ್ಲ, ಮಾತಿನ ಮೂಲಕ ಚಿಕಿತ್ಸೆ ಕೊಡುತ್ತಾರೆ. ಸಾಮಾನ್ಯವಾಗಿ ಸೈಕಾಲಜಿ ಎಂಎ ಅಥವಾ ಎಂಎಸ್ಸಿ ಆದ ಮೇಲೆ ಎರಡು ವರ್ಷದ ಎಂಫಿಲ್ ಮಾಡಿರುತ್ತಾರೆ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐಯಲ್ಲಿ, ನೋಂದಣಿ ಆಗಿರಬೇಕು. ಆ ಸಂಖ್ಯೆಯನ್ನು ಕೇಳಿ, ಆರ್‌ಸಿಐ ವೆಬ್‌ಸೈಟಿನಲ್ಲಿ ಹುಡುಕಿ ನೋಡಿ. ಸಂಖ್ಯೆ ಕೇಳಿದ್ದಕ್ಕೆ ಮುಖ ಗಂಟಿಕ್ಕುವವರ ಹತ್ತಿರ ನಿಮಗೆ ಕೆಲಸ ಇಲ್ಲ. ಸುಮ್ನೆ "ಕೌನ್ಸೆಲರ್" ಎಂದಿದ್ದರೆ ಏನು ಓದಿದ್ದಾರೆ ಎಂದು ಇನ್ನೂ ಬಿಡಿಸಿ ಕೇಳಬೇಕು.

ದಾವಣಗೆರೆಯವರು ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದಿಂದ ಶುರು ಮಾಡಬಹುದು. ಊರಲ್ಲಿ ಜೆಜೆಎಂ, ಎಸ್‌ಎಸ್ ಎರಡು ಮೆಡಿಕಲ್ ಕಾಲೇಜುಗಳೂ ಇವೆ. ಚಿತ್ರದುರ್ಗದವರಿಗೆ ಜಿಲ್ಲಾ ಆಸ್ಪತ್ರೆ, ಬಸವೇಶ್ವರ ಮೆಡಿಕಲ್ ಕಾಲೇಜು ಇವೆ. ಜಗಳೂರು, ಹೊನ್ನಾಳಿ, ಚಳ್ಳಕೆರೆ, ಮೊಳಕಾಲ್ಮೂರಿನ ಕಡೆಯವರು ನೇರ ಜಿಲ್ಲಾ ಕೇಂದ್ರಕ್ಕೆ ಬಸ್ ಹತ್ತುವ ಮುಂಚೆ ತಾಲೂಕು ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಯಾವ ದಿನ ಬರುತ್ತದೆ ಎಂದು ಕೇಳಿಕೊಳ್ಳಿ. ಇಲ್ಲೆಲ್ಲ ಹಿಪ್ನೋಸಿಸ್ ಸಿಕ್ಕೇ ಸಿಗುತ್ತದೆ ಅಂತಲ್ಲ. ಸಿಗುವುದು ಸರಿಯಾದ ತಪಾಸಣೆ, ಮತ್ತು ಈ ಊರಲ್ಲಿ ಅಥವಾ ಹತ್ತಿರದಲ್ಲಿ ಯಾರು ಇದನ್ನು ಮಾಡುತ್ತಾರೆ ಎಂಬ ನಂಬಬಹುದಾದ ಮಾಹಿತಿ. ಕೇಸು ಜಟಿಲ ಅನ್ನಿಸಿದರೆ ಅವರೇ ಧಾರವಾಡದ ಡಿಮ್ಹಾನ್ಸ್‌ಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಚೀಟಿ ಕೊಡುತ್ತಾರೆ.

ಫೋನಿನಲ್ಲಿ ಕೇಳಬೇಕಾದ್ದು ಇಷ್ಟು. "ನಿಮ್ಮ ನೋಂದಣಿ ಸಂಖ್ಯೆ ಏನು? ನನ್ನಂಥ ಭಯಕ್ಕೆ ಹಿಪ್ನೋಸಿಸ್ ಜೊತೆ ಇನ್ನೇನು ಮಾಡುತ್ತೀರಿ? ಒಂದು ಸಲಕ್ಕೆ ಎಷ್ಟು, ಒಟ್ಟು ಎಷ್ಟು ಸಲ ಆಗಬಹುದು? ನನ್ನ ಜೊತೆ ಒಬ್ಬರು ಒಳಗೆ ಕೂರಬಹುದಾ?" ಎರಡನೇ ಪ್ರಶ್ನೆಗೆ "ಹಿಪ್ನೋಸಿಸ್ ಒಂದೇ ಸಾಕು" ಎಂಬ ಉತ್ತರ ಬಂದರೆ ಫೋನ್ ಇಡಿ. ಕೊನೆಯದಕ್ಕೆ "ಆಗಲ್ಲ" ಅಂದರೂ ಇಡಿ. ಹೆಣ್ಣುಮಕ್ಕಳಿಗೆ ಇದನ್ನು ಒತ್ತಿ ಹೇಳುತ್ತೇನೆ. ಬಾಗಿಲಿಗೆ ಚಿಲಕ ಹಾಕುವ ಅಗತ್ಯ ಈ ಚಿಕಿತ್ಸೆಗೆ ಯಾವತ್ತೂ ಇಲ್ಲ. ಮೈ ಮುಟ್ಟುವ ಅಗತ್ಯವೂ ಇಲ್ಲ.

ಒಂದೇ ಸಿಟ್ಟಿಂಗ್‌ನಲ್ಲಿ ಗ್ಯಾರಂಟಿ, ಇಪ್ಪತ್ತು ಸಿಟ್ಟಿಂಗಿನ ಹಣ ಈಗಲೇ ಕಟ್ಟಿ, ಡಾಕ್ಟರ್ ಕೊಟ್ಟ ಮಾತ್ರೆ ಬಿಟ್ಟುಬಿಡಿ, ನಿಮ್ಮ ಭಯದ ಬೇರು ಪೂರ್ವಜನ್ಮದಲ್ಲಿದೆ: ಈ ನಾಲ್ಕರಲ್ಲಿ ಯಾವುದು ಕಿವಿಗೆ ಬಿದ್ದರೂ ಚಪ್ಪಲಿ ಹಾಕಿಕೊಳ್ಳಿ. ಪೂರ್ವಜನ್ಮದ ಕಥೆ ಕೇಳಲು ಮಜಾ ಇರುತ್ತೆ, ಟಿವಿಯಲ್ಲೂ ಓಡುತ್ತೆ. ಚಿಕಿತ್ಸೆ ಅನ್ನಲು ಅದಕ್ಕೆ ಆಧಾರ ಇಲ್ಲ.

4. ಮೊದಲ ಭೇಟಿ: ಮಾತು ಮತ್ತು ಏಣಿ

ಒಳ್ಳೆಯ ಚಿಕಿತ್ಸಕರು ಮೊದಲ ದಿನವೇ ಕಣ್ಣು ಮುಚ್ಚಿಸುವುದಿಲ್ಲ. ಯಾವಾಗ ಶುರುವಾಯಿತು, ಏನೇನು ತಪ್ಪಿಸಿಕೊಳ್ಳುತ್ತೀರಿ, ಮನೆಯವರು ಏನು ಮಾಡುತ್ತಾರೆ, ಯಾವ ಮಾತ್ರೆ ನುಂಗುತ್ತೀರಿ ಎಂದೆಲ್ಲ ಕೇಳುತ್ತಾರೆ. ಹಳೆಯ ಚೀಟಿಗಳನ್ನು ತೆಗೆದುಕೊಂಡು ಹೋಗಿ. ಭಯ ಆದಾಗ ನುಂಗಲು ಆಲ್‌ಪ್ರಜೋಲಾಂ ಥರದ ಮಾತ್ರೆ ಜೇಬಲ್ಲೇ ಇಟ್ಟುಕೊಂಡಿದ್ದರೆ ಮುಚ್ಚಿಡದೆ ಹೇಳಿ. ಅಂಥ ಮಾತ್ರೆ ಭಯವನ್ನು ಎದುರಿಸಿ ಕಲಿಯುವುದಕ್ಕೆ ಅಡ್ಡ ಬರಬಹುದು. ಹಾಗಂತ ನೀವೇ ಒಮ್ಮೆಲೇ ನಿಲ್ಲಿಸಲೂಬಾರದು, ಅದು ಅಪಾಯ.

ಆಮೇಲೆ ಭಯದ ಏಣಿ ಬರೆಸುತ್ತಾರೆ. ಬರೆಸದಿದ್ದರೆ ನೀವೇ ಬರೆದುಕೊಂಡು ಹೋಗಿ. ಕಡಿಮೆ ಭಯದ ಸನ್ನಿವೇಶ ಕೆಳಗೆ, ಅತಿ ಭಯದ್ದು ಮೇಲೆ, ಪ್ರತಿಯೊಂದಕ್ಕೂ ಸೊನ್ನೆಯಿಂದ ನೂರರವರೆಗೆ ಅಂಕ. ಸೊನ್ನೆ ಅಂದರೆ ಆರಾಮ, ನೂರು ಅಂದರೆ ಜೀವ ಬಾಯಿಗೆ ಬಂದದ್ದು. ಈ ರೀತಿಯನ್ನು ರೂಢಿಗೆ ತಂದವರು ಜೋಸೆಫ್ ವೋಲ್ಪಿ ಎಂಬ ಮನೋವೈದ್ಯರು. ಇಕ್ಕಟ್ಟಿನ ಜಾಗದ ಭಯ ಇರುವ ಚಿತ್ರದುರ್ಗದವರ ಏಣಿ ಹೀಗಿರಬಹುದು:

ಬಚ್ಚಲಮನೆ ಬಾಗಿಲು ಮುಚ್ಚಿ, ಚಿಲಕ ಹಾಕದೆ ಎರಡು ನಿಮಿಷ – 20
ಅದೇ ಬಾಗಿಲು, ಚಿಲಕ ಹಾಕಿ – 30
ಲಿಫ್ಟಿನ ಒಳಗೆ ಬಾಗಿಲು ತೆರೆದೇ ಇಟ್ಟುಕೊಂಡು ನಿಲ್ಲುವುದು – 40
ಲಿಫ್ಟಿನಲ್ಲಿ ಗೆಳೆಯನ ಜೊತೆ ಒಂದು ಮಹಡಿ – 55
ಒಬ್ಬರೇ ಮೂರು ಮಹಡಿ – 70
ಕೋಟೆಯಲ್ಲಿ ಓಬವ್ವನ ಕಿಂಡಿಯ ಹತ್ತಿರ ಹೋಗಿ ಒಳಗೆ ಇಣುಕುವುದು – 75
ಕಿಂಡಿಯೊಳಗೆ ನುಸುಳುವುದು – 85
ಚಂದ್ರವಳ್ಳಿಯ ಅಂಕಲಿ ಮಠದ ಕತ್ತಲೆ ಕೋಣೆಗಳಿಗೆ ಇಳಿಯುವುದು – 90
ಎಂಆರ್‌ಐ ಯಂತ್ರದೊಳಗೆ ಮಲಗುವುದು – 100

ಮೆಟ್ಟಿಲ ನಡುವಿನ ಅಂತರ ಜಾಸ್ತಿ ಇರಬಾರದು. 40ರಿಂದ ನೇರ 85ಕ್ಕೆ ಹಾರಿದರೆ ಕಾಲು ಸೋಲುತ್ತದೆ. ಕಿಂಡಿಗೆ ಹೋಗುವುದಾದರೆ ಭಾನುವಾರ ಬೇಡ. ಹಿಂದೆ ಮುಂದೆ ಜನ ನೂಕುತ್ತಾ ಸೆಲ್ಫಿ ತೆಗೆಯುತ್ತಿದ್ದರೆ ಭಯ ಇಲ್ಲದವರಿಗೂ ಉಸಿರು ಕಟ್ಟುತ್ತದೆ.

5. ಹಿಪ್ನೋಸಿಸ್ ನಡೆಯುವ ದಿನ

ಹಿಂದಿನ ರಾತ್ರಿ ಸರಿಯಾಗಿ ಮಲಗಿ. ಹೊಟ್ಟೆ ತುಂಬ ಉಂಡು ಹೋದರೆ ನಿದ್ದೆ ಬರುತ್ತದೆ, ಹಸಿದು ಹೋದರೆ ಗಮನ ಹೊಟ್ಟೆ ಮೇಲೇ ಇರುತ್ತದೆ. ಫೋನ್ ಆಫ್ ಮಾಡಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆದಿಟ್ಟರೆ ಒಳ್ಳೆಯದು.

ಮೊದಲು ಗಮನ ಒಂದು ಕಡೆ ತರಿಸುತ್ತಾರೆ. ಗೋಡೆಯ ಒಂದು ಚುಕ್ಕೆ ನೋಡಿ ಅನ್ನಬಹುದು, ಉಸಿರು ಎಣಿಸಿ ಅನ್ನಬಹುದು. ಸಿನಿಮಾದಲ್ಲಿ ತೋರಿಸುವ ತೂಗಾಡುವ ಗಡಿಯಾರ ಬೇಕಾಗಿಯೇ ಇಲ್ಲ. ಕಣ್ಣು ಭಾರವಾಗಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಮೆಟ್ಟಿಲು ಇಳಿದ ಹಾಗೆ, ಅಂಕಿ ಇಳಿದ ಹಾಗೆ ಕಲ್ಪಿಸಿಕೊಳ್ಳಲು ಹೇಳಿ ಇನ್ನಷ್ಟು ಆಳಕ್ಕೆ ಕರೆದೊಯ್ಯುತ್ತಾರೆ. ಕೈ ಹಗುರ ಅನ್ನಿಸಬಹುದು, ಇಲ್ಲವೇ ಕಲ್ಲಿನ ಹಾಗೆ ಭಾರ ಅನ್ನಿಸಬಹುದು. ಏನೂ ಅನ್ನಿಸದೆಯೂ ಇರಬಹುದು. "ನನಗೆ ಎಲ್ಲ ಕೇಳಿಸ್ತಾ ಇತ್ತು, ಹಾಗಾಗಿ ಹತ್ತಲಿಲ್ಲ" ಎಂದು ತುಂಬಾ ಜನ ಹೇಳುತ್ತಾರೆ. ಕೇಳಿಸಲೇಬೇಕು, ಇಲ್ಲದಿದ್ದರೆ ಮಾತು ನಾಟುವುದು ಹೇಗೆ?

ಮುಂದಿನದು ನೆಮ್ಮದಿಯ ಜಾಗ. ನಿಮಗೆ ಹಾಯೆನಿಸುವ ಒಂದು ಜಾಗವನ್ನು ಮನಸ್ಸಲ್ಲಿ ಕಟ್ಟಿಕೊಳ್ಳಲು ಹೇಳುತ್ತಾರೆ. ಕುಂದುವಾಡ ಕೆರೆಯ ಏರಿ ಆಗಬಹುದು, ಅಜ್ಜಿಮನೆಯ ಪಡಸಾಲೆ ಆಗಬಹುದು. ಕೆರೆ ಅಂದರೆ ನೀರಿನ ಭಯ ಇರುವವರು ಬೇರೆ ಜಾಗ ಆರಿಸಿಕೊಳ್ಳಿ, ಮುಲಾಜು ಬೇಡ. ಆ ಜಾಗದಲ್ಲಿ ಇರುವಾಗ ಹೆಬ್ಬೆರಳು ತೋರುಬೆರಳು ಜೋಡಿಸಿ ಒತ್ತಲು ಹೇಳಬಹುದು. ಇದು ಮುಂದೆ ಭಯದ ಜಾಗದಲ್ಲಿ ನಿಂತಾಗ ಅದೇ ನೆಮ್ಮದಿಯನ್ನು ನೆನಪಿಸಿಕೊಳ್ಳುವ ಗುರುತು.

ಇಷ್ಟಾದ ಮೇಲೆ ಏಣಿಯ ಕೆಳಗಿನ ಮೆಟ್ಟಿಲನ್ನು ಕಲ್ಪನೆಯಲ್ಲಿ ಹತ್ತಿಸುತ್ತಾರೆ. ಅಂಕ ಏರಿದರೆ ಬೆರಳು ಎತ್ತುತ್ತೀರಿ. ಅವರು ನಿಲ್ಲಿಸಿ ನೆಮ್ಮದಿಯ ಜಾಗಕ್ಕೆ ಕರೆತರುತ್ತಾರೆ. ಮತ್ತೆ ಹತ್ತಿಸುತ್ತಾರೆ. ಇಡೀ ಚಿಕಿತ್ಸೆಯ ತಿರುಳು ಈ ಹೋಗಿಬರುವ ಆಟದಲ್ಲೇ ಇದೆ.

ಕೊನೆಗೆ ಒಂದರಿಂದ ಐದು ಎಣಿಸಿ ಪೂರ್ತಿ ಎಚ್ಚರಕ್ಕೆ ತರಬೇಕು. ಇದನ್ನು ಅವಸರದಲ್ಲಿ ಮುಗಿಸುವವರಿದ್ದಾರೆ. ತಲೆ ಮಂಕು ಇದ್ದರೆ, ಮೈ ಭಾರ ಇದ್ದರೆ ಬಾಯಿಬಿಟ್ಟು ಹೇಳಿ, ಇನ್ನೊಮ್ಮೆ ಎಣಿಸಲಿ. ಹದಿನೈದು ಇಪ್ಪತ್ತು ನಿಮಿಷ ಅಲ್ಲೇ ಕೂತು, ನೀರು ಕುಡಿದು, ಆಮೇಲೆ ಹೊರಡಿ. ಅವತ್ತು ಬೈಕ್ ಓಡಿಸಿಕೊಂಡು ಹೋಗುವ ಬದಲು ಆಟೋ ಹಿಡಿಯಿರಿ. ಕೆಲವರಿಗೆ ತಲೆನೋವು, ಅಳು, ಸುಸ್ತು ಬರಬಹುದು, ಸಾಮಾನ್ಯವಾಗಿ ಬೇಗ ಹೋಗುತ್ತದೆ. ಮರುದಿನವೂ ಹೋಗದಿದ್ದರೆ ಅವರಿಗೆ ಫೋನ್ ಮಾಡಿ.

6. ನಿಜವಾದ ಮೆಟ್ಟಿಲು ಹತ್ತುವುದು

ಕುರ್ಚಿಯಲ್ಲಿ ಕೂತು ಗೆದ್ದ ಭಯ ಲಿಫ್ಟಿನ ಮುಂದೆ ಮತ್ತೆ ಎದ್ದು ನಿಲ್ಲುತ್ತದೆ. ಅದಕ್ಕೇ ಪ್ರತಿ ಸಿಟ್ಟಿಂಗಿನ ನಂತರ ಆ ವಾರವೇ ಒಂದು ಮೆಟ್ಟಿಲನ್ನು ಹೊರಗೆ ಹೋಗಿ ಹತ್ತಬೇಕು. ಎದೆ ಬಡಿದುಕೊಂಡರೂ ಅಲ್ಲೇ ನಿಲ್ಲಿ. ಅರ್ಧಕ್ಕೆ ಓಡಿಬಂದರೆ "ಓಡಿದ್ದಕ್ಕೆ ಬದುಕಿದೆ" ಎಂದು ಮನಸ್ಸು ಲೆಕ್ಕ ಬರೆದುಕೊಳ್ಳುತ್ತದೆ, ಮುಂದಿನ ಸಲ ಭಯ ಇನ್ನೂ ಗಟ್ಟಿ. ನಿಂತಿದ್ದರೆ ಭಯ ಮೇಲಕ್ಕೆ ಹೋಗಿ ತಾನಾಗಿ ಇಳಿಯುವುದನ್ನು ನೀವೇ ನೋಡುತ್ತೀರಿ. ಒಂದೇ ಮೆಟ್ಟಿಲನ್ನು ಬೇರೆ ಬೇರೆ ದಿನ, ಬೇರೆ ಬೇರೆ ಜಾಗದಲ್ಲಿ ಹತ್ತಿ. ಪಿ.ಜೆ. ಬಡಾವಣೆಯ ಒಂದೇ ಕಾಂಪ್ಲೆಕ್ಸಿನ ಲಿಫ್ಟ್ ಅಭ್ಯಾಸವಾದರೆ ಸಾಲದು.

ಮನೆಯವರಿಗೆ ಒಂದು ಮಾತು. "ಇಷ್ಟಕ್ಕೆಲ್ಲ ಹೆದರ್ತಾರಾ" ಎಂದು ನಗಬೇಡಿ. ನಾಯಿಗೆ ಹೆದರುವ ಮಗುವಿನ ಮೇಲೆ ನಾಯಿಮರಿ ತಂದು ಬಿಡುವ ಮಾವಂದಿರು ಎಲ್ಲ ಮನೆಯಲ್ಲೂ ಒಬ್ಬರಿರುತ್ತಾರೆ, ಅವರನ್ನು ದೂರ ಇಡಿ. ಹಾಗೆಯೇ, ಪ್ರತಿ ಸಲ ನೀವೇ ನಾಯಿ ಓಡಿಸಿಕೊಟ್ಟು ದಾರಿ ಮಾಡಿಕೊಟ್ಟರೂ ಭಯ ಹೋಗಲ್ಲ.

ರಕ್ತ, ಸೂಜಿ ಕಂಡರೆ ತಲೆ ಸುತ್ತಿ ಬೀಳುವವರು ಈ ಭಾಗವನ್ನು ಎರಡು ಸಲ ಓದಿ. ಉಳಿದ ಫೋಬಿಯಾಗಳಲ್ಲಿ ಬಿಪಿ ಏರುತ್ತದೆ. ಇದರಲ್ಲಿ ಮಾತ್ರ ಮೊದಲು ಏರಿ ಆಮೇಲೆ ಧಡಕ್ಕನೆ ಇಳಿಯುತ್ತದೆ, ಹಾಗಾಗಿ ಎಚ್ಚರ ತಪ್ಪುತ್ತದೆ. ಇಂಥವರಿಗೆ "ಮೈ ಸಡಿಲ ಬಿಡಿ" ಎನ್ನುವ ಹಿಪ್ನೋಸಿಸ್ ಒಂದನ್ನೇ ಕೊಟ್ಟರೆ ಉಲ್ಟಾ ಹೊಡೆಯಬಹುದು. ಇವರಿಗೆ ಬೇಕಾದ್ದು ಮೈ ಬಿಗಿ ಮಾಡುವ ಅಭ್ಯಾಸ. ಸ್ವೀಡನ್ನಿನ ಲಾರ್ಸ್ ಯೋರಾನ್ ಓಸ್ಟ್ ಎಂಬ ಮನಶ್ಶಾಸ್ತ್ರಜ್ಞರು ರೂಪಿಸಿದ್ದು. ಕೂತುಕೊಂಡು ಮುಷ್ಟಿ, ತೋಳು, ಹೊಟ್ಟೆ, ತೊಡೆ ಎಲ್ಲವನ್ನೂ 10ರಿಂದ 15 ಸೆಕೆಂಡ್ ಬಿಗಿ ಹಿಡಿಯಿರಿ. ಮುಖ ಬಿಸಿಯಾದದ್ದು ಗೊತ್ತಾಗುತ್ತದೆ. ಬಿಡಿ, 20ರಿಂದ 30 ಸೆಕೆಂಡ್ ಸುಮ್ಮನಿರಿ. ಹೀಗೆ ಐದು ಸಲ. ಇದನ್ನು ಮನೆಯಲ್ಲಿ ರೂಢಿ ಮಾಡಿಕೊಂಡು ಲ್ಯಾಬಿಗೆ ಹೋಗಿ. ರಕ್ತ ತೆಗೆಯುವ ಕೈಯನ್ನು ಮಾತ್ರ ಸಡಿಲ ಬಿಡಿ. ಬಿಪಿ, ಹೃದಯದ ತೊಂದರೆ ಇದ್ದವರು, ಗರ್ಭಿಣಿಯರು ಡಾಕ್ಟರನ್ನು ಕೇಳಿ ಮಾಡಿ.

7. ಆಘಾತ ಇದ್ದವರಿಗೆ ದಾರಿ ಬೇರೆ

ಆಘಾತಕ್ಕೆ ಮೊದಲ ಸಾಲಿನ ಚಿಕಿತ್ಸೆ ಹಿಪ್ನೋಸಿಸ್ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಎರಡನ್ನು ಹೇಳಿದೆ. ಒಂದು, ಆಘಾತದ ಮೇಲೇ ಗಮನ ಇಟ್ಟು ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಸಿಬಿಟಿ. ಇನ್ನೊಂದು ಇಎಂಡಿಆರ್, ಅಂದರೆ ಕಣ್ಣನ್ನು ಆ ಕಡೆ ಈ ಕಡೆ ಆಡಿಸುತ್ತಾ ಆ ನೆನಪನ್ನು ಸ್ವಲ್ಪಸ್ವಲ್ಪವಾಗಿ ಅರಗಿಸಿಕೊಳ್ಳುವ ವಿಧಾನ. ಹಾಗಾಗಿ "ಇವೆರಡರಲ್ಲಿ ನಿಮಗೆ ಯಾವುದು ಬರುತ್ತೆ?" ಎಂದೇ ಕೇಳಿ. ಹಿಪ್ನೋಸಿಸ್ ನಿದ್ದೆ ಸರಿಮಾಡಲು, ಮೈಯ ಬಿಗಿ ಇಳಿಸಲು, ನೆನಪು ಉಕ್ಕಿ ಬಂದಾಗ ನೆಲಕ್ಕೆ ಕಾಲೂರಿ ನಿಲ್ಲಲು ನೆರವಾಗುತ್ತದೆ. ಅಷ್ಟಕ್ಕೇ ಬಳಸಿದರೆ ಒಳ್ಳೆಯದು.

ಮಾಡಲೇಬಾರದ್ದು ನೆನಪು ಅಗೆಯುವುದು. "ನಿಮ್ಮ ಬಾಲ್ಯದಲ್ಲಿ ಏನೋ ಆಗಿದೆ, ಹಿಪ್ನೋಸಿಸ್‌ನಲ್ಲಿ ಹೊರಗೆ ತೆಗೆಯೋಣ" ಎಂದರೆ ಒಪ್ಪಬೇಡಿ. ನೆನಪು ಪೆಟ್ಟಿಗೆಯಲ್ಲಿಟ್ಟ ವಿಡಿಯೋ ಅಲ್ಲ. ಮಾತು ಸುಲಭವಾಗಿ ನಾಟುವ ಸ್ಥಿತಿಯಲ್ಲಿ "ಆ ಕೋಣೆಯಲ್ಲಿ ಇನ್ಯಾರಿದ್ದರು?" ಎಂದು ಕೇಳಿದರೆ ಸಾಕು, ಮನಸ್ಸು ಒಬ್ಬರನ್ನು ತಂದು ನಿಲ್ಲಿಸಿಬಿಡುತ್ತದೆ. ಎದ್ದ ಮೇಲೆ ಅದು ನಿಜವೇ ಎಂದು ಗಟ್ಟಿಯಾಗಿ ನಂಬುತ್ತೀರಿ. ಇಂಥ ಹುಸಿ ನೆನಪುಗಳಿಂದ 1980, 90ರ ದಶಕದಲ್ಲಿ ಅಮೆರಿಕದಲ್ಲಿ ಎಷ್ಟೋ ಮನೆಗಳು ಒಡೆದವು, ಕೇಸುಗಳು ಕೋರ್ಟಿಗೆ ಹೋದವು. ಪೊಲೀಸ್ ಕೇಸು ನಡೆಯುತ್ತಿದ್ದರಂತೂ ವಕೀಲರನ್ನು ಕೇಳದೆ ಹಿಪ್ನೋಸಿಸ್‌ಗೆ ಕೂರಬೇಡಿ. ನಿಮ್ಮ ಸಾಕ್ಷಿಯನ್ನೇ ಎದುರಿನವರು ಪ್ರಶ್ನಿಸಬಹುದು. ಮಗುವಿನ ಮೇಲೆ ದೌರ್ಜನ್ಯ ಆಗಿದೆ ಎಂದು ಅನುಮಾನ ಬಂದರೆ ಮೊದಲ ಫೋನ್ 1098ಕ್ಕೆ.

ಅಪಘಾತ ಆದ ವಾರದಲ್ಲೇ ಎಲ್ಲವನ್ನೂ ಬಿಡಿಸಿ ಹೇಳಿಸುವುದರಿಂದಲೂ ಉಪಯೋಗ ಇಲ್ಲ. ಆಗ ಬೇಕಾದ್ದು ಊಟ, ನಿದ್ದೆ, ಜೊತೆಗೆ ಮನುಷ್ಯರು. ತಾಯತ ಕಟ್ಟಿಸಿ ಹೆದರಿಕೆ ಇಳಿಸುವುದು ನಮ್ಮಲ್ಲಿ ಇದ್ದದ್ದೇ. ಮನೆಯವರಿಗೆ ಸಮಾಧಾನ ಆಗುವುದಾದರೆ ಕಟ್ಟಿಸಲಿ, ನನ್ನ ತಕರಾರಿಲ್ಲ. ಆದರೆ ಬೇವಿನ ಬರಲಿನ ಏಟು, ಮೆಣಸಿನಕಾಯಿ ಹೊಗೆ ಬೇಡವೇ ಬೇಡ. ಅವು ಹಳೆಯ ಆಘಾತದ ಮೇಲೆ ಹೊಸದನ್ನು ಕೂರಿಸುತ್ತವೆ.

ಸಿಟ್ಟಿಂಗಿನಲ್ಲಿ ಘಟನೆ ಮತ್ತೆ ನಡೆಯುತ್ತಿರುವ ಹಾಗೆ ಅನ್ನಿಸತೊಡಗಿದರೆ ಕಣ್ಣು ಬಿಡಿ. ಪಾದವನ್ನು ನೆಲಕ್ಕೆ ಒತ್ತಿ. ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಜೋರಾಗಿ ಹೇಳಿ. ಇವತ್ತಿನ ತಾರೀಖು ಹೇಳಿ. ಇದನ್ನು ಮೊದಲೇ ಕಲಿಸದ ಚಿಕಿತ್ಸಕರು ಆಘಾತದ ಕೆಲಸಕ್ಕೆ ತಯಾರಿಲ್ಲ ಎಂದೇ ಅರ್ಥ.

8. ಮನೆಯಲ್ಲಿ ನೀವೇ ಮಾಡಿಕೊಳ್ಳುವುದು

ಸ್ವಯಂ ಹಿಪ್ನೋಸಿಸ್ ಫೋಬಿಯಾಕ್ಕೆ ಸರಿ. ಆಘಾತ ಇದ್ದವರು ಚಿಕಿತ್ಸಕರು ಹೇಳಿದ ಮೇಲಷ್ಟೇ ಮಾಡಿ. ದಿನಕ್ಕೆ ಹತ್ತು ನಿಮಿಷ ಸಾಕು, ಹಾಸಿಗೆ ಮೇಲೆ ಬೇಡ, ನಿದ್ದೆ ಬಂದುಬಿಡುತ್ತದೆ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಕೂತು ಹೀಗೆ ಹೇಳಿಕೊಳ್ಳಿ: "ಹತ್ತು ನಿಮಿಷ ಹೀಗಿರ್ತೀನಿ. ಯಾರಾದ್ರೂ ಕರೆದರೆ ತಕ್ಷಣ ಕಣ್ಣು ಬಿಡ್ತೀನಿ." ಎದುರಿನ ಗೋಡೆಯ ಒಂದು ಚುಕ್ಕೆ ನೋಡುತ್ತಾ ಉಸಿರನ್ನು ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ಕಣ್ಣು ಮುಚ್ಚಿಕೊಂಡ ಮೇಲೆ ಹತ್ತರಿಂದ ಒಂದರವರೆಗೆ ಇಳಿಯಿರಿ, ಒಂದೊಂದು ಉಸಿರಿಗೆ ಒಂದೊಂದು ಅಂಕಿ. ನೆಮ್ಮದಿಯ ಜಾಗಕ್ಕೆ ಹೋಗಿ, ಬೆರಳು ಒತ್ತಿ.

ಈಗ ನಿಮ್ಮ ಮಾತು. "ನನಗೆ ಭಯವೇ ಇಲ್ಲ" ಎಂದು ಹೇಳಿಕೊಳ್ಳಬೇಡಿ, ಸುಳ್ಳೆಂದು ನಿಮಗೇ ಗೊತ್ತು. ಹೀಗೆ ಹೇಳಿ ನೋಡಿ: "ಲಿಫ್ಟಿನ ಬಾಗಿಲು ಮುಚ್ಚುತ್ತೆ. ಎದೆ ಬಡಿದುಕೊಳ್ಳಬಹುದು, ಬಡಿದುಕೊಳ್ಳಲಿ. ಉಸಿರು ನಿಧಾನ ಬಿಡ್ತೀನಿ. ಒಂದು, ಎರಡು, ಮೂರನೇ ಮಹಡಿ. ಬಾಗಿಲು ತೆರೆಯುತ್ತೆ. ಹೊರಗೆ ಬರ್ತೀನಿ." ನಿಮ್ಮ ಆಡುಮಾತಲ್ಲೇ ಇರಲಿ, ಎರಡು ಮೂರು ಸಲ ಸಾಕು. ಆಮೇಲೆ ಒಂದರಿಂದ ಐದು ಎಣಿಸಿ ಕಣ್ಣು ಬಿಟ್ಟು, ಕೈಕಾಲು ಝಾಡಿಸಿ ಎದ್ದೇಳಿ. ಏಣಿಯಲ್ಲಿ ಈ ವಾರ ಯಾವ ಮೆಟ್ಟಿಲಲ್ಲಿದ್ದೀರೋ ಅದನ್ನೇ ಅಭ್ಯಾಸ ಮಾಡಿ, ಮೇಲಿನದಕ್ಕೆ ಹಾರಬೇಡಿ. ಗಾಡಿ ಓಡಿಸುವಾಗ, ಒಲೆ ಮೇಲೆ ಏನಾದರೂ ಇಟ್ಟಾಗ ಬೇಡ.

ಯೂಟ್ಯೂಬಿನ ಆಡಿಯೋಗಳು? ಮೈ ಸಡಿಲ ಬಿಡಲು ಪರವಾಗಿಲ್ಲ. ಅವು ನಿಮ್ಮ ಏಣಿಯನ್ನು ನೋಡಿಲ್ಲ ಅಷ್ಟೇ.

9. ಕೆಲಸ ಮಾಡುತ್ತಿದೆಯಾ?

ನೋಟ್‌ಬುಕ್ಕಿನಲ್ಲಿ ತಾರೀಖು, ಮೆಟ್ಟಿಲು, ಹೋಗುವ ಮುಂಚಿನ ಅಂಕ, ನಂತರದ ಅಂಕ ಬರೆಯಿರಿ. ಒಂದೇ ಒಂದು ಫೋಬಿಯಾ ಇದ್ದವರಿಗೆ ನಾಲ್ಕಾರು ಸಿಟ್ಟಿಂಗಿನೊಳಗೆ ಅಂಕ ಇಳಿಯತೊಡಗಬೇಕು. ಇಳಿಯದಿದ್ದರೆ ಚಿಕಿತ್ಸಕರ ಜೊತೆ ಕೂತು ಪುಸ್ತಕ ತೆರೆಯಿರಿ. ಮೆಟ್ಟಿಲು ಎತ್ತರ ಜಾಸ್ತಿಯಾಗಿರಬಹುದು, ಮನೆಪಾಠ ಬಿಟ್ಟುಹೋಗಿರಬಹುದು, ಅಥವಾ ನಿಮಗೆ ಹಿಪ್ನೋಸಿಸ್ ಹೊಂದದಿರಬಹುದು. ಕೊನೆಯದಾದರೆ ಹಿಪ್ನೋಸಿಸ್ ಬಿಟ್ಟು ಏಣಿಯನ್ನು ಮಾತ್ರ ಮುಂದುವರಿಸಿ, ಅದೇ ಒಂಟಿಯಾಗಿಯೂ ಕೆಲಸ ಮಾಡುತ್ತದೆ. "ಇನ್ನೂ ಹತ್ತು ಸಿಟ್ಟಿಂಗ್ ಬೇಕು" ಎಂಬ ಮಾತಿಗೆ ಪುಸ್ತಕದ ಅಂಕಗಳು ಉತ್ತರ ಕೊಡಲಿ.

ಖರ್ಚಿನ ವಿಷಯ. ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆಗೆ ಜಾಸ್ತಿ ಹಣ ಬೇಕಿಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 21ನೇ ಸೆಕ್ಷನ್ ಪ್ರಕಾರ ವಿಮಾ ಕಂಪನಿಗಳು ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯ ಹಾಗೆಯೇ ವಿಮೆ ಒದಗಿಸಬೇಕು. ಆದರೆ ಬಹಳಷ್ಟು ಪಾಲಿಸಿಗಳು ಅಡ್ಮಿಟ್ ಆದರೆ ಮಾತ್ರ ಹಣ ಕೊಡುತ್ತವೆ. ಹೊರರೋಗಿ ಖರ್ಚು ನಿಮ್ಮ ಪಾಲಿಸಿಯಲ್ಲಿ ಇದೆಯಾ ಎಂದು ಸಿಟ್ಟಿಂಗ್ ಶುರುವಾಗುವ ಮುಂಚೆ ಏಜೆಂಟರನ್ನು ಕೇಳಿ, ಬರೆದು ಕೊಡಲು ಹೇಳಿ. ಪ್ರತಿ ಭೇಟಿಗೂ ನೋಂದಣಿ ಸಂಖ್ಯೆ ಇರುವ ರಸೀದಿ ತೆಗೆದುಕೊಳ್ಳಿ.